ಪುಟ್ಟಿ ತಾನೇ ಹೇಳಲಿ

ನ್ಯೂಜೆರ್ಸಿ

ಪ್ರೀತಿಯ ಅಕ್ಕನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ, ಅಲ್ಲೂ ಹಾಗೇ ಅಂದುಕೊಂಡಿದ್ದೇನೆ. ಕಾಗದ ತಲುಪಿತು. ತೋಟದ ವಿಷಯ ಆಮೇಲೆ, ಮೊದಲು ಪುಟ್ಟಿಯದು.

ಕಿವಿಗೆ ಮಷೀನು ಹಾಕಿದರೂ ಕ್ಲಾಸಿನಲ್ಲಿ ಗಮನವಿಲ್ಲ ಅಂತ ಟೀಚರ್ ದೂರಿದರು ಅಂದೆಯಲ್ಲ, ಅದು ಗಮನದ ತೊಂದರೆಯಲ್ಲ. ಮಷೀನು ಪಾಠದ ಜೊತೆಗೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು ಎಲ್ಲವನ್ನೂ ಜೋರು ಮಾಡುತ್ತದೆ. ಹಿಂದಿನ ಬೆಂಚಾದರಂತೂ ಮುಗಿದೇ ಹೋಯಿತು. ಎರಡನೇ ಸಾಲಿನಲ್ಲಿ ಟೀಚರ ಮುಖ ಕಾಣುವಂತೆ, ಚೆನ್ನಾಗಿ ಕೇಳುವ ಕಿವಿ ಅವರ ಕಡೆಗಿರುವಂತೆ ಕೂರಬೇಕು. ಇದನ್ನು ನೀನು ಹೋಗಿ ಹೇಳಬೇಡ. ಅವಳೇ ಹೇಳಲಿ, ನೀನು ಪಕ್ಕದಲ್ಲಿ ನಿಂತಿರು ಸಾಕು.

ಮೂರೇ ಮಾತು ಕಲಿಸು: "ನನಗೆ ಎಡಗಿವಿ ಕಮ್ಮಿ ಕೇಳುತ್ತೆ. ಬೋರ್ಡಿನ ಕಡೆ ತಿರುಗಿ ಹೇಳಿದ್ದು ತಿಳಿಯಲ್ಲ. ಮುಂದೆ ಕೂರಿಸಿ ಮೇಡಂ." ಮೊದಲು ಮನೆಯಲ್ಲಿ, ಆಮೇಲೆ ಅಂಗಡಿಯಲ್ಲಿ ಅಭ್ಯಾಸವಾಗಲಿ. ಕೇಳಿಸದಿದ್ದಾಗ ಬರೀ "ಆಂ?" ಅಂದರೆ ಎದುರಿನವರಿಗೆ ಸಿಟ್ಟು ಬರುತ್ತದೆ. "ಪುಟ ನಲವತ್ತು ಅಂದಿದ್ದು ಕೇಳಿಸಿತು, ಲೆಕ್ಕದ ನಂಬರು ಕೇಳಿಸಲಿಲ್ಲ" ಅನ್ನಲಿ. ನೀನೂ "ತಿಳೀತಾ?" ಅಂತ ಕೇಳಬೇಡ, ಸುಮ್ಮನೆ ತಲೆಯಾಡಿಸುತ್ತಾಳೆ. "ನಾನೇನು ಹೇಳಿದೆ, ಹೇಳು ನೋಡೋಣ" ಅನ್ನು.

ದೊಡ್ಡವರ ಎದುರು ಮಾತಾಡಿದರೆ ಅಧಿಕಪ್ರಸಂಗ ಅಂತ ಭಾವ ಅನ್ನಬಹುದು. ಇಲ್ಲಿ ಇಂಥ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಟೀಚರು, ತಂದೆತಾಯಿ ಕೂತು ಓದಿನ ಯೋಜನೆ ಬರೆಯಬೇಕು ಅಂತ ಕಾನೂನಿದೆ. ಆ ಸಭೆಗೆ ಎಷ್ಟೋ ಕಡೆ ಮಕ್ಕಳೂ ಬರುತ್ತಾರೆ. ಹತ್ತು ವರ್ಷದ್ದು ಕುರ್ಚಿಯಲ್ಲಿ ಕಾಲಾಡಿಸುತ್ತಾ "ಇದು ನನಗೆ ಆಗಿಬರಲ್ಲ" ಅನ್ನುತ್ತೆ, ಹೆಡ್ ಮೇಡಂ ಬರೆದುಕೊಳ್ಳುತ್ತಾರೆ! ನಮ್ಮಲ್ಲೂ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಈ ಸಲ ಕಳಿಸು.

ಜೆನಿಫರ್ ಕೀಲನ್ ಕತೆ ಹೇಳು. 1990ರ ಮಾರ್ಚ್ 12ರಂದು ಎಂಟು ವರ್ಷದ ಆ ಹುಡುಗಿ ಗಾಲಿಕುರ್ಚಿ ಬಿಟ್ಟು ವಾಷಿಂಗ್ಟನ್ನಿನ ಸಂಸತ್ತಿನ ಮೆಟ್ಟಿಲನ್ನು ತೆವಳಿಕೊಂಡು ಹತ್ತಿದಳು. ಅಂಗವಿಕಲರ ಹಕ್ಕಿನ ಕಾಯ್ದೆ ಬೇಗ ಮಾಡಿ ಅಂತ ಸಂಸದರನ್ನು ಕೇಳಲು. ಆ ಕಾಯ್ದೆಗೆ ಅದೇ ವರ್ಷ ಜುಲೈ 26ಕ್ಕೆ ಸಹಿ ಬಿತ್ತು. ವೀರಗಾಥೆ ಮಾಡಿ ಹೇಳಿದರೆ "ನಾನೂ ಹಾಗೆ ಮಾಡಬೇಕಾ?" ಅಂತ ಮಕ್ಕಳು ಹೆದರುತ್ತವೆ. ಅವಳೊಬ್ಬಳೇ ಅಲ್ಲ, ಜೊತೆಗೆ ಹತ್ತಾರು ಜನ ದೊಡ್ಡವರೂ ಹತ್ತಿದರು ಅಂತ ಸೇರಿಸು. ಅವಳು ಕೇಳಿದ್ದೇನು, ಯಾರನ್ನು ಕೇಳಿದಳು ಅಂತ ಪುಟ್ಟಿಯಿಂದಲೇ ಹೇಳಿಸು.

ನಮ್ಮ ನ್ಯೂಜೆರ್ಸಿಯ ಮಾರ್ಲಿ ಡಯಾಸ್ 2015ರಲ್ಲಿ, ಶಾಲೆಯ ಕತೆಗಳಲ್ಲೆಲ್ಲ ಬಿಳಿ ಹುಡುಗರು ಮತ್ತು ಅವರ ನಾಯಿಗಳೇ ಅಂತ ಬೇಸತ್ತು, ತನ್ನಂಥ ಕಪ್ಪು ಹುಡುಗಿಯರೇ ಮುಖ್ಯ ಪಾತ್ರವಾದ ಸಾವಿರ ಪುಸ್ತಕ ಕೂಡಿಸಲು ಹೊರಟಳು. ಸಾವಿರ ದಾಟಿತು. ಪುಟ್ಟಿಯ ಕೈಗೂ ಹತ್ತು ಕತೆಪುಸ್ತಕ ಕೊಡು, ಕಿವಿಗೆ ಮಷೀನು ಹಾಕಿದವರು ಎಷ್ಟಿದ್ದಾರೆ ಎಣಿಸಲಿ. ಇದ್ದರೂ ಬರೀ ಅಯ್ಯೋ ಪಾಪ ಅನ್ನಿಸಿಕೊಳ್ಳುತ್ತಾರಾ, ಏನಾದರೂ ಕೆಲಸ ಮಾಡುತ್ತಾರಾ ನೋಡಲಿ. ಒಬ್ಬರೂ ಸಿಗದಿದ್ದರೆ ತಾನೇ ಒಂದು ಕತೆ ಬರೆಯಲಿ.

ನಿನ್ನ ಅತ್ತೆ ಹೇಳಿದರೆಂದು ಕೂದಲು ಇಳಿಬಿಟ್ಟು ಮಷೀನು ಮುಚ್ಚಬೇಡ. ಕೂದಲು ಮೈಕಿಗೆ ಉಜ್ಜಿ ಕರಕರ ಅನ್ನುತ್ತದೆ. ಐದನೇ ಕ್ಲಾಸಿನ ಮಗುವಿಗೆ ಈಗಲೇ ಮದುವೆ ಚಿಂತೆಯೇ? ನಮ್ಮ ಮಳೆಗಾಲಕ್ಕೆ ರಾತ್ರಿ ಬ್ಯಾಟರಿ ತೆಗೆದು, ಮಷೀನನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡು. ಹೊಸ ಬ್ಯಾಟರಿಯ ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕು. ಮಷೀನು ಕುಂಯ್ ಅಂತ ಸದ್ದು ಮಾಡಿದರೆ ಕಿವಿಯೊಳಗೆ ಕೂರುವ ಅಚ್ಚು ಚಿಕ್ಕದಾಗಿರಬಹುದು, ಬೆಳೆಯುವ ಕಿವಿಯಲ್ಲವಾ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಹಾಗೇ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡೂ ಮಾಡಿಸಿಬಿಡಿ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಓಡಾಡುವುದು ಬೇಡ.

ಏನೂ ಆಗಿಲ್ಲ ಅಕ್ಕ, ಪುಟ್ಟಿ ಜಾಣೆ, ನೀನು ಅಳಬೇಡ, ಎಲ್ಲ ಸರಿಹೋಗುತ್ತೆ. ಖಂಡಿತ. ಅಚ್ಚಿನ ದುಡ್ಡು ಈ ವಾರವೇ ಹಾಕುತ್ತೇನೆ, ಭಾವನಿಗೆ ಹೇಳು. ಬಸ್ಸಿಗೆ ಹೊತ್ತಾಯಿತು, ತೋಟದ್ದು ಫೋನಿನಲ್ಲಿ. ಎಲ್ಲರಿಗೂ ನಮಸ್ಕಾರ.

ನಿನ್ನ ತಂಗಿ