ತಿಂಗಳ ಡಬ್ಬಿ ಬಂದ್ ಮಾಡಾಕತ್ತೇವ್ರಿ, ಅಂಗಡಿ ಅಲ್ಲ

ನಮ್ಮ ಗಿರಾಕಿ ಅಕ್ಕಾರ, ಅಣ್ಣಾರ, ಕಾಕಾರ, ಮಾವಶಿಯಾರಿಗೆಲ್ಲ ಬೆಳಗಾವಿಯಿಂದ ನಮಸ್ಕಾರ್ರೀ.

ಸುತ್ತು ಬಳಸೂದ ಬ್ಯಾಡ, ಮೊದ್ಲ ವಿಷಯ ಹೇಳಿಬಿಡ್ತೇವಿ. ಪ್ರತಿ ತಿಂಗಳ ಮೊದಲ್ನೇ ವಾರ ನಿಮ್ಮ ಮನಿಗೆ ಬರತಿದ್ದ ಡಬ್ಬಿ, ಅಂದ್ರ ಒಂದ್ ಕೈಕೆಲಸದ ಸಾಮಾನ, ಒಂದ್ ಮಜಾ ಗ್ಯಾಜೆಟ್, ಜೋಡಿಗೆ ಒಂದ್ ಸಣ್ಣ ಚಿತ್ರ ಇಲ್ಲಾ ಕಾರ್ಡು ಇರತಿತ್ತಲ್ಲ, ಅದು ಶ್ರಾವಣದಿಂದ ಬರೂದಿಲ್ಲ. ಅದರ ಬದ್ಲಿ ಯಾವ ಸಾಮಾನ ಯಾವಾಗ ತಯಾರ್ ಆಗತೈತೋ ಅವಾಗ ವಾಟ್ಸಾಪ್‌ನ್ಯಾಗ ಅದರ ಫೋಟೋ ಹಾಕ್ತೇವಿ, ಬೇಕಾದವ್ರು ಆರಿಸಿ ತಗೋರಿ, ಬ್ಯಾಡಾದವ್ರು ನೋಡಿ ಖುಷಿ ಪಟ್ಟ ಬಿಡ್ರಿ. ಈಗಾಗಲೇ ರೊಕ್ಕ ಕಟ್ಟಿದವ್ರ ಲೆಕ್ಕಾ ಏನು ಅಂತ ಕೆಳಗ ಬರದೇವಿ, ಗಡಿಬಿಡಿ ಇದ್ದವ್ರು ಸೀದಾ ಅಲ್ಲಿಗೆ ಹೋಗ್ರಿ.

ಯಾಕ ಹಿಂಗ ಅಂದ್ರ, ಕೈಲೆ ಮಾಡೋ ಸಾಮಾನಿಗೆ ಒಂದನೇ ತಾರೀಖು ಗೊತ್ತಿಲ್ರಿ. ಅದರ ಕ್ಯಾಲೆಂಡರ್ರ ಬ್ಯಾರೆ. ಈಗ ಮಣ್ಣೆತ್ತಿನ ಅಮಾಸಿ ಹತ್ರ ಬಂತು, ಕುಂಬಾರರು ಬುಟ್ಟಿ ತುಂಬ ಜೋಡೆತ್ತು, ಗ್ವಾದಲಿ ಮಾಡ್ಕೊಂಡ ಬಜಾರಕ್ಕ ಬರ್ತಾರ. ಆಮ್ಯಾಲ ಆಷಾಢದ ಮಂಗಳವಾರಕ್ಕ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅದರ ಹಿಂದಿಂದ ಜೋಕುಮಾರ. ಐದು ಮಣ್ಣಿನ ಪೂಜಾ ಅಂತಾರಲ್ಲ, ಅದ. ನಮ್ಮನ್ನ ಕೇಳಿದ್ರ ವರ್ಷದಾಗ ನಮ್ಮ ಕಡೆ ಕಾಣೋ ಎಲ್ಲಾ ಡಿಸೈನ್‌ದಾಗ ಮಣ್ಣೆತ್ತ ನಂಬರ್ ಒನ್. ಒಂದ್ ಹಿಡಿ ಮಣ್ಣು, ನಾಕ ಕಡೆ ಚಿವುಟಿದ್ರ ಕಾಲು, ಮ್ಯಾಲ ಒತ್ತಿ ಎಬ್ಬಿಸಿದ್ರ ಹಿಣಿಲು, ಎರಡ ಎಳಿ ಎಳದ್ರ ಕೊಂಬು, ಅಷ್ಟರಾಗ ಅದು ಕರೆಕ್ಟ್ ನಮ್ಮ ಜವಾರಿ ಎತ್ತ ಆಗಿ ನಿಂತಬಿಡತೈತಿ, ಒಂದ್ ಗೆರಿ ಹೆಚ್ಚಿಲ್ಲ ಒಂದ್ ಗೆರಿ ಕಮ್ಮಿ ಇಲ್ಲ. ಡಿಸೈನ್ ಕಾಲೇಜಿನ್ಯಾಗ ಮಿನಿಮಲ್ ಅಂತ ಎರಡ ವರ್ಷ ಕಲಸೂದು ಇದನ್ನ ಅಲ್ಲೇನ್ರಿ. ಆದ್ರ ಇದು ಸುಟ್ಟ ಮಣ್ಣ ಅಲ್ಲ, ಬಿಸಿಲಿಗೆ ಒಣಗಿಸಿದ್ದು, ಕೊರಿಯರ್‌ಗೆ ಹಾಕಿದ್ರ ನಿಮ್ಮ ಮನಿ ಮುಟ್ಟೂದ್ರಾಗ ತಿರಗಿ ಮಣ್ಣ ಆಗಿರತೈತಿ. ಅದಕ್ಕ ಇದನ್ನ ನಾವು ಮಾರಂಗಿಲ್ಲ. ನಿಮ್ಮೂರ ಕುಂಬಾರರ ಕಡೆ ಹೋಗಿ ತಗೋರಿ, ಮತ್ತ ಚೌಕಾಸಿ ಮಾಡಬ್ಯಾಡ್ರಿ, ಪ್ಲೀಸ್.

ಖಾನಾಪುರದ ಮಣ್ಣಿನ ಸಾಮಾನಿನ ಕಥಿನೂ ಇಂಥಾದ್ದ. ಖಾನಾಪುರ ಅಂದ್ರ ಕುಂಬಾರಿಕಿಗೆ ಮೊದಲಿಂದನೂ ಹೆಸರಾದ ಊರು, ಖಾದಿ ಗ್ರಾಮೋದ್ಯೋಗದವ್ರ ಕುಂಬಾರಿಕಿ ಕಲಸೋ ಸಂಸ್ಥಾನೂ ಅಲ್ಲೇ ಐತಿ, ನಾವು ಕಳಸಿದ್ದ ಹಕ್ಕಿ ನೀರಿನ ಬಟ್ಟಲಾ, ದೀಪದ ಗೂಡು ಎಲ್ಲಾ ಆ ಕಡೆಯಿಂದನ ಬಂದದ್ದು. ಆದ್ರ ಆ ಊರು ಘಟ್ಟದ ಸೆರಗಿನ್ಯಾಗ ಐತಿ, ಜೂನ್ ದಾಟ್ತು ಅಂದ್ರ ಮಳಿ ಹಿಡದದ್ದ ಬಿಡೂದಿಲ್ಲ. ಹಸಿ ಮಣ್ಣಿನ ಬಟ್ಟಲಾ ನೆರಳಿನ್ಯಾಗ ನಿಧಾನಕ್ಕ ಒಣಗಬೇಕು, ಒಳಗ ಹಸಿ ಉಳದದ್ದನ್ನ ಭಟ್ಟಿಗೆ ಹಾಕಿದ್ರ ಆ ನೀರು ಉಗಿ ಆಗಿ ಬಟ್ಟಲಾ ಫಟ್ ಅಂತ ಒಡದ ಹೋಗತೈತಿ. ಮಳಿಗಾಲದಾಗ ಹವಾದಾಗನ ನೀರು ಇರತೈತಿ, ಒಣಗೂದು ಎಲ್ಲಿಂದ? ಮಾಡೋರಿಗೆ ಫೋನ್ ಹಚ್ಚಿ ಒಂದನೇ ತಾರೀಖಿಗೆ ಬೇಕ್ರಿ ಅಂತ ಒತ್ತಾಯ ಮಾಡಿದ್ರ ಅವರರ ಏನ ಮಾಡ್ಬೇಕು ಪಾಪ. ಇನ್ ಮ್ಯಾಲ ಖಾನಾಪುರದ್ದು ಏನಿದ್ರೂ ದಸರಾ ಆದಮ್ಯಾಗನ.

ಇಳಕಲ್ಲಿನ್ದು ಇನ್ನೊಂದ್ ನಮೂನಿ. ಭಾಳ ಮಂದಿ ಕೇಳ್ತಾರ, ಸೀರಿ ಅಂದ್ರ ಮಗ್ಗದ ಮ್ಯಾಲ ಉದ್ದಕ ನೇಯ್ಕೋತ ಹೋಗಿ ಕತ್ತರಿಸಿದ್ರ ಆತಲ್ಲ, ಯಾಕ ತಡಾ ಅಂತ. ಇಳಕಲ್ಲ ಸೀರಿಗೆ ಮೈಗಿ ಹಾಕೋ ಹಾಸ, ಅಂದ್ರ ಮಗ್ಗಕ್ಕ ಉದ್ದಕ ಕಟ್ಟೋ ಎಳಿ, ಬ್ಯಾರೆ, ಸೆರಗಿನ ರೇಷ್ಮಿ ಹಾಸ ಬ್ಯಾರೆ. ಎರಡನ್ನೂ ಎಳಿಗೆ ಎಳಿ ಕುಣಿಕಿ ಹಾಕಿ ಜೋಡಸ್ತಾರ, ಟೋಪ್ ತೆನಿ ಅಂತಾರ ಅದಕ್ಕ. ಅದಕ್ಕ ಒಂದ್ ಸೀರಿಗೆ ಒಂದ್ ಹಾಸ, ಮುಂದಿನ ಸೀರಿಗೆ ಮತ್ತ ಮೊದಲಿಂದ. ಆ ಜೋಡಣಿ ಇರೋ ಜಾಗಾ ಹುಡಕರಿ ನಿಮ್ಮ ಸೀರಿಯೊಳಗ, ಮೈ ಮುಗದು ಕೆಂಪು ಸೆರಗು ಶುರು ಆಗೋ ಗೆರಿ ಹಂತ್ಯಾಕ, ಬೆರಳಾಡಿಸಿದ್ರ ತಿಳೀತೈತಿ. ನಮ್ಮ ಹಂತ್ಯಾಕ ಇದ ಟೋಪ್ ತೆನಿ ತುಂಡಿಂದ ಮಾಡಿದ ಬುಕ್‌ಮಾರ್ಕು, ಗೋಡಿ ಫ್ರೇಮು ಬರ್ತಾವು, ನೇಕಾರರ ಮನ್ಯಾಗ ಉಳದ ತುಂಡು ಸಿಕ್ಕಾಗ ಅಷ್ಟ. ಗುಳೇದಗುಡ್ಡದ ಖಣ, ಅಂದ್ರ ಕುಬ್ಸಾ ಹೊಲಸೋ ಬಟ್ಟಿ, ಮಾತ್ರ ಸ್ವಲ್ಪ ಸಲೀಸು, ಥಾನ್ ಲೆಕ್ಕದಾಗ ಸಿಗತೈತಿ, ಆದ್ರ ಖರೆ ಕೈಮಗ್ಗದ್ದು ಬೇಕಂದ್ರ ಅಲ್ಲೂ ಕಾಯಬೇಕು. ಖಣದ ಲ್ಯಾಂಪ್‌ಶೇಡ್ ಹಚ್ಚಿ ನೋಡಿದವ್ರಿಗೆ ಗೊತ್ತು, ಒಳಗ ಬಲ್ಬ್ ಹತ್ತಿದಾಗ ಆ ಬುಟ್ಟಾ ಏಳೋ ಚಂದ.

ಚಪ್ಪಲಿ ಬಗ್ಗೆ ಹೇಳದ ಮುಂದ ಹೋಗಾಕ ಆಗೂದಿಲ್ಲ, ಯಾಕಂದ್ರ 2025ರ ಜೂನ್‌ದಾಗ ಮಿಲಾನ್ ಶೋದಾಗ ಇಟಲಿ ಫ್ಯಾಶನ್ ಕಂಪನಿ ಪ್ರಾಡಾದವ್ರು ಥೇಟ್ ಕೊಲ್ಹಾಪುರಿ ಹಂಗ ಇರೋ ಚಪ್ಪಲಿ ತೋರಿಸಿದಾಗಿಂದ ನಮಗ ಬರೋ ಮೆಸೇಜ್ ಅರ್ಧಾ ಅದರದ. ಮೊದ್ಲ ಅವರು ಬರೇ ಲೆದರ್ ಸ್ಯಾಂಡಲ್ ಅಂದಿದ್ರು, ಗದ್ಲ ಎದ್ದಮ್ಯಾಗ ಭಾರತದ ಕೈಕೆಲಸ ನೋಡಿ ಮಾಡಿದ್ದು ಅಂತ ಒಪ್ಕೊಂಡ್ರು. ಹೆಸರ ಕೊಲ್ಹಾಪುರಿ ಆದ್ರೂ 2019ರಾಗ ಸಿಕ್ಕ ಜಿಐ ಟ್ಯಾಗ್, ಅಂದ್ರ ಈ ಸಾಮಾನ ಈ ಭಾಗದ್ದ ಅನ್ನೋ ಸರ್ಕಾರಿ ಗುರುತು, ಮಹಾರಾಷ್ಟ್ರದ ನಾಕ ಜಿಲ್ಲಾ ಜೋಡಿ ನಮ್ಮ ನಾಕ ಜಿಲ್ಲಾಕ್ಕೂ ಐತಿ, ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರ. ನಾವು ತರಸೂದು ಅಥಣಿ ಕಡೆಯಿಂದ. ಜಾಲಿ ತೊಗಟಿ, ಹಿರಡಿಕಾಯಿ ರಸದಾಗ ಹದ ಮಾಡಿದ ತೊಗಲು, ಹಳೇ ಪದ್ಧತಿಯೊಳಗ ತೊಗಲನ್ನ ಚೀಲದಂಗ ಹೊಲದು ನೇತ ಹಾಕಿ ಒಳಗ ಆ ರಸ ಸುರೀತಾರ, ವಾರಗಟ್ಟಲೆ ಹಿಡಿಯೋ ಕೆಲಸ. ಹೊಲಿಯೂದೂ ತೊಗಲಿನ ದಾರದಲೇ, ಮೊಳಿ ಇಲ್ಲ. ತಿಂಗಳ ಡಬ್ಬಿಯೊಳಗ ಎಲ್ಲಾರಿಗೂ ಒಂದ ದಿನ ಒಂದ ಸಾಮಾನ ಹೋಗಬೇಕಿತ್ತು, ಹಂಗಾಗಿ ಚಪ್ಪಲಿ ಕಳಸಾಕ ಆಗ್ತಾನ ಇರಲಿಲ್ಲ, ನಿಮ್ಮೆಲ್ಲಾರ ಪಾದ ಒಂದ ಅಳತಿ ಇಲ್ಲಲ್ರಿ. ಈಗ ಆಗತೈತಿ. ಹಾಳಿ ಮ್ಯಾಲ ಕಾಲ ಇಟ್ಟು ಪೆನ್ಸಿಲ್‌ಲೆ ಗೆರಿ ಎಳದು ಆ ಹಾಳಿನ ಕಳಸರಿ, ಹೆಬ್ಬೆರಳು ದಪ್ಪ ಇದ್ದವ್ರು ಅದನ್ನೂ ಬರೀರಿ. ಮೊದಲ ಸ್ವಲ್ಪ ದಿನ ಕಡೀತೈತಿ, ಹಳ್ಳೆಣ್ಣಿ ಸವರಿ ಮನ್ಯಾಗ ಅಡ್ಡಾಡ್ರಿ, ಆಮ್ಯಾಲ ನಿಮ್ಮ ಪಾದದ ಆಕಾರನ ಅದಕ್ಕ ಬರತೈತಿ.

ಈಗ ಗ್ಯಾಜೆಟ್. ಡಬ್ಬಿ ಅಂದಮ್ಯಾಲ ಅದು ತುಂಬಬೇಕು, ಕೈಕೆಲಸದ್ದು ಬರದ ಹೋದ ತಿಂಗಳ ಆ ಜಾಗಾಕ್ಕ ಪ್ಲಾಸ್ಟಿಕ್ ಸಾಮಾನ ತಾನ ಬಂದು ಕೂಡತೈತಿ, ಮಾತಾಡೋ ಕೀಚೈನ್, ಬಣ್ಣಾ ಬದಲಿ ಮಾಡೋ ಮಗ್ಗು, ಎರಡ ದಿನ ನಗು ಬರತೈತಿ, ಮೂರನೇ ದಿನ ಡ್ರಾವರ್. ಅಂಥಾವ ಇನ್ ತರೂದಿಲ್ಲ. ಅದೂ ಅಲ್ದ 2021ರ ಜನೇವರಿ 1ರಿಂದ 14 ವರ್ಷದ ಒಳಗಿನ ಮಕ್ಕಳ ಆಟಗಿ ಸಾಮಾನಿಗೆ ಐಎಸ್‌ಐ ಮಾರ್ಕ್ ಬೇಕಬೇಕು, ಆ ಮಾರ್ಕ್ ಇಲ್ಲದ ಹೊರದೇಶದ ಆಟಗಿ ನಾವು ಮುಟ್ಟಂಗಿಲ್ಲ. ಹ್ಯಾಂಡಿಕ್ರಾಫ್ಟ್ ಇಲಾಖಾದಾಗ ಹೆಸರ ಬರಸಿದ ಕುಶಲಕರ್ಮಿಗಳಿಗೆ, ಮತ್ತ ಜಿಐ ಇದ್ದ ಆಟಗಿ ಮಾಡೋ ಅಧಿಕೃತ ಮಂದಿಗೆ ಇದರಾಗ ವಿನಾಯ್ತಿ ಐತಿ, ಹಂಗಾಗಿ ಕಿನ್ನಾಳದ್ದು, ಚನ್ನಪಟ್ಟಣದ್ದು ಕಟ್ಟಿಗಿ ಗೊಂಬಿ ಮೊದಲಿನಂಗ ಬರ್ತಾವು. ಗೋಕಾಕದ ಹಣ್ಣು ಕಾಯಿಪಲ್ಲೆ ಗೊಂಬಿ ಶೋಕೇಸಿನ ಸಾಮಾನ ಅಂತನ ಕೊಡ್ತೇವಿ, ಒಬ್ರು ಮಾವಶಿಯಾರ ಮನ್ಯಾಗ ಬೀಗರು ಅದರಾಗಿನ ಸೀತಾಫಲಕ್ಕ ಕೈ ಹಾಕಿದ್ರಂತ, ಅಷ್ಟ ಹೇಳಿದ್ರ ಸಾಕು.

ಆದ್ರ ಎಲ್ಲಾ ಗ್ಯಾಜೆಟ್ ಬಿಡೂದಿಲ್ರಿ. ನೀರ ಕುಡಿಯೋ ಹಕ್ಕಿ ಇರತೈತಿ. ಗಾಜಿನ ಹಕ್ಕಿ, ಮುಂದ ಗ್ಲಾಸ್ ನೀರಿಟ್ರ ತಾನ ಬಗ್ಗಿ ಚುಂಚ ಅದ್ದಿ ತಾನ ಏಳತೈತಿ, ಸೆಲ್ ಇಲ್ಲ ಕರೆಂಟ್ ಇಲ್ಲ. ಅಮೇರಿಕಾದಾಗ 1946ರಾಗ ಇದಕ್ಕ ಪೇಟೆಂಟ್ ಸಿಕ್ಕೈತಿ. ತಲಿ ಮ್ಯಾಲಿನ ಒದ್ದಿ ಬಟ್ಟಿಯಿಂದ ನೀರು ಆರಿದಂಗ ತಲಿ ತಣ್ಣಗ ಆಗತೈತಿ, ಒಳಗಿನ ಆವಿ ಒತ್ತಡ ಕಮ್ಮಿ ಆಗಿ ಹೊಟ್ಟಿಯೊಳಗಿನ ದ್ರವ ಕೊಳ್ಳಿಗೆ ಏರತೈತಿ, ತಲಿ ಭಾರ ಆಗಿ ಬಗ್ಗತೈತಿ, ಇಷ್ಟ ಅದರ ಗುಟ್ಟು. ಮಜಾ ಏನಂದ್ರ ವಿಜಯಪುರದ ಗಿರಾಕಿಗಳು ಬ್ಯಾಸಿಗ್ಯಾಗ ಹಕ್ಕಿ ಉಸಿರ ಬಿಡದ ಕುಡ್ಯಾಕತ್ತೈತಿ ಅಂತ ವಿಡಿಯೋ ಕಳಸ್ತಾರ, ನಮ್ಮ ಬೆಳಗಾವಿಯೊಳಗ ಜುಲೈದಾಗ ಅದು ಆಲಸಿ ಆಗಿ ನಿಂತಿರತೈತಿ. ಕೆಟ್ಟಿಲ್ಲ ಅದು, ಹಸಿ ಹವಾದಾಗ ನೀರು ಆರೂದಿಲ್ಲ, ಹಂಗಾಗಿ ಮಳಿಗಾಲದಾಗ ವಾಪಸ್ ಕಳಸಬ್ಯಾಡ್ರಿ. ಒಳಗಿನ ದ್ರವ ವಿಷ, ಗಾಜೂ ತೆಳು, ಸಣ್ಣ ಹುಡುಗರ ಕೈಗೆ ಸಿಗದಂಗ ಇಡ್ರಿ, ಇದು ಆಟಗಿ ಅಲ್ಲ.

ಇನ್ನೊಂದು ನಮ್ಮ ಊರದ. ಉದ್ಯಮಬಾಗದ ಲೇಥ್ ಗೊತ್ತಲ್ರಿ, ಫೌಂಡ್ರಿ, ಪಂಪು, ಹೈಡ್ರಾಲಿಕ್ ಪಾರ್ಟ್ ಅಂತ ಇಡೀ ದೇಶಕ್ಕ ಕಳಸೋ ಏರಿಯಾ. ಅಲ್ಲೊಬ್ರು ಟರ್ನರ್ ಕಾಕಾ ಉಳದ ಹಿತ್ತಾಳಿ ರಾಡ್ ತುಂಡಿನ್ಯಾಗ ಕಿಸೇದಾಗ ಹಿಡಿಯೋವಷ್ಟ ಬುಗರಿ ಮಾಡ್ತಾರ. ನಡಕ ಕೊರದು ತೂಕ ಎಲ್ಲಾ ಅಂಚಿಗೆ ದಬ್ಬಿರ್ತಾರ, ತುದಿಗೆ ಸಣ್ಣ ಬೇರಿಂಗ್ ಬಾಲ್ ಕೂಡಿಸಿರ್ತಾರ, ತಿಕ್ಕಾಟ ಕಮ್ಮಿ, ಹಂಗಾಗಿ ಗಾಜಿನ ಮ್ಯಾಲ ಬಿಟ್ರ ಅಲುಗಾಡದ ನಿಂತ ತಿರಗತೈತಿ, ತಿರಗಾಕತ್ತೈತೋ ಇಲ್ಲೋ ಅಂತ ಡೌಟ್ ಬರೂವಷ್ಟ. ಕಂಪನಿ ಕೆಲಸ ಕಮ್ಮಿ ಇದ್ದಾಗ ಮಾಡ್ತಾರ, ಇಲ್ಲಂದ್ರ ಇಲ್ಲ. ನಮಗ ಕೇಳಿದ್ರ ಇಡೀ ಅಂಗಡಿಯೊಳಗ ಇದ ಬೆಸ್ಟ್, ಆದ್ರ ಅಕ್ಕಾರು ಲ್ಯಾಂಪ್‌ಶೇಡ್ ಅಂತಾರ, ಜಗಳ ಇನ್ನೂ ನಡದೈತಿ.

ಚಿತ್ರ, ಕಾರ್ಡು ವಿಷಯಕ್ಕ ಬಂದ್ರ ಒಂದ್ ಹೊಸಾ ಸುದ್ದಿ. ಅಬ್ರಿ ಕಾಗದ ಶುರು ಮಾಡೇವಿ. ಗಟ್ಟಿ ಮಾಡಿದ ನೀರಿನ ಮ್ಯಾಲ ಬಣ್ಣಾ ತೇಲಿಸಿ, ಕಡ್ಡಿ ಇಲ್ಲಾ ಹಣಗಿಲೆ ಎಳದು, ಮ್ಯಾಲ ಕಾಗದ ಹಾಸಿ ಎತ್ತೂದು. ಇದು ನಮ್ಮ ಕಡೆ ಹೊಸಾದು ಅನ್ಕೋಬ್ಯಾಡ್ರಿ, 17ನೇ ಶತಮಾನದಾಗ ಆದಿಲ್‌ಶಾಹಿ ಬಿಜಾಪುರದ ಚಿತ್ರಗಾರರು ಈ ಕೆಲಸದಾಗ ಎತ್ತಿದ ಕೈ, ಬರೇ ಅಂಚಿಗೆ ಹಚ್ಚೂದಲ್ಲ, ಈ ಬಣ್ಣದ ಸುಳಿಯೊಳಗನ ಪೂರಾ ಚಿತ್ರ ತಗೀತಿದ್ರು. ಎಲಬು ಕಾಣೋ ಒಣಕಲ ಕುದುರಿ ಮತ್ತ ಅದರ ಸವಾರನ ಅಂಥಾ ಒಂದ್ ಬಿಜಾಪುರಿ ಚಿತ್ರ ಇವತ್ತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ್ಯಾಗ ಐತಿ, ನೆಟ್‌ನ್ಯಾಗ ಹುಡಕಿ ನೋಡ್ರಿ, ತಲಿ ತಿರಗತೈತಿ. ಒಂದ್ ಹಾಳಿ ಇದ್ದಂಗ ಇನ್ನೊಂದ್ ಬರೂದ ಇಲ್ಲ ಇದರಾಗ. ಅದಕ್ಕ ಪ್ರತಿ ಹಾಳಿದೂ ಬ್ಯಾರೆ ಬ್ಯಾರೆ ಫೋಟೋ ಹಾಕ್ತೇವಿ, ನೀವು ನೋಡಿದ್ದ ಹಾಳಿನ ನಿಮಗ ಬರತೈತಿ. ಡಬ್ಬಿ ಇದ್ದಾಗ ಹಸಿರ ಬೇಕಾದವ್ರಿಗೆ ಕೆಂಪ ಹೋಗತಿತ್ತು.

ರೊಕ್ಕದ ಲೆಕ್ಕಾ. ವರ್ಷದ್ದು ಇಲ್ಲಾ ಆರು ತಿಂಗಳದ್ದು ಕಟ್ಟಿದವ್ರದು ಶ್ರಾವಣದಿಂದ ಮುಂದ ಉಳಿಯೋ ತಿಂಗಳ ರೊಕ್ಕ ಪೂರಾ ನಿಮ್ಮದ. ವಾಪಸ್ ಬೇಕಂದ್ರ ಒಂದ್ ಮೆಸೇಜ್ ಹಾಕ್ರಿ, ಯಾವ ಖಾತೆಯಿಂದ ಬಂದಿತ್ತೋ ಅದಕ್ಕ ಹಾಕ್ತೇವಿ, ಯಾಕ ಏನು ಅಂತ ಕೇಳೂದಿಲ್ಲ. ಇಲ್ಲ, ನಮ್ಮ ಹಂತ್ಯಾಕ ಇರ್ಲಿ ಅಂದ್ರ ನಿಮ್ಮ ಹೆಸರಿಗೆ ಜಮಾ ಇರತೈತಿ, ಏನರ ತಗೊಂಡಾಗ ಕಟ್ ಮಾಡ್ತೇವಿ. ಪಂಚಮಿ ಒಳಗ ಏನೂ ಹೇಳದವ್ರಿಗೆ ನಾವ ಫೋನ್ ಮಾಡ್ತೇವಿ. ಬ್ಯಾರೆಯವ್ರಿಗೆ ಗಿಫ್ಟ್ ಅಂತ ಬುಕ್ ಮಾಡಿದ್ದು ಇದ್ರ ಅದು ಮಾತು ಕೊಟ್ಟಂಗ ಹೋಗತೈತಿ.

ರೇಟ್ ಸ್ವಲ್ಪ ಏರಿಳಿತ ಆಗತೈತಿ, ಖರೆ ಹೇಳ್ಬೇಕಂದ್ರ ಚಪ್ಪಲಿ, ಲ್ಯಾಂಪ್ ತುಟ್ಟಿ ಅನಸಬಹುದು, ಡಬ್ಬಿಯೊಳಗ ಎಲ್ಲಾ ಸೇರಿ ಒಂದ ರೇಟ್ ಇತ್ತಲ್ಲ. ಈಗ ಬಿಲ್ಲಿನ್ಯಾಗ ಮಾಡಿದವ್ರಿಗೆ ಎಷ್ಟ, ನಮಗ ಎಷ್ಟ, ಕೊರಿಯರ್ ಎಷ್ಟ ಅಂತ ಬ್ಯಾರೆ ಬ್ಯಾರೆ ಕಾಣತೈತಿ. 2025ರ ಸಪ್ಟಂಬರ್ 22ರಿಂದ ಕೈಕೆಲಸದ ಭಾಳಷ್ಟ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದೈತಿ, 2,500 ರೂಪಾಯಿ ತನಕದ ಚಪ್ಪಲಿಗೂ 5, ಅದರ ಲಾಭ ಬಿಲ್ಲಿನ್ಯಾಗನ ಇರತೈತಿ. ಹೇಳಿ ಮಾಡಸೋ ಸಾಮಾನಿಗೆ ಅರ್ಧಾ ರೊಕ್ಕ ಮುಂಗಡ, ಉಳದದ್ದು ಸಾಮಾನ ತಯಾರಾದ ಫೋಟೋ ನೋಡಿದಮ್ಯಾಗ. ಮುಂಗಡ ಸೀದಾ ಮಾಡೋರ ಕೈಗೆ ಹೋಗತೈತಿ, ತೊಗಲು ನೂಲು ಅವರು ಉದ್ರಿ ತರೂದು ತಪ್ಪಲಿ ಅಂತ. ಪ್ರೈವೇಟ್ ಕೊರಿಯರ್ ಬರದ ಹಳ್ಳಿ, ತಾಂಡಾದವ್ರಿಗೆ ಸ್ಪೀಡ್ ಪೋಸ್ಟ್ ಮಾಡ್ತೇವಿ, ರಜಿಸ್ಟರ್ ಪೋಸ್ಟ್ ಅಂತ ಕೇಳಬ್ಯಾಡ್ರಿ, ಅದು 2025ರಾಗ ಸ್ಪೀಡ್ ಪೋಸ್ಟಿನ್ಯಾಗನ ಸೇರಿಬಿಟ್ಟೈತಿ.

ಒಬ್ರು ಅಕ್ಕಾರು ಈ ಸುದ್ದಿ ಮೊದಲ ಕೇಳಿ ಭಾಳ ಬೇಜಾರ್ ಮಾಡ್ಕೊಂಡ್ರು, ಏನ ಬರತೈತಿ ಗೊತ್ತಿಲ್ಲದ ಡಬ್ಬಿ ತಗಿಯೂದ ನಂಗ ಮಜಾ ಇತ್ತು, ಆರಸೂದು ಬಜಾರದಾಗೂ ಮಾಡ್ತೀನಲ್ಲ ಅಂದ್ರು. ಅವರ ಮಾತೂ ಖರೆ. ಅಂಥವ್ರಿಗೆ ಒಂದ್ ದಾರಿ ಇಟ್ಟೇವಿ, ನಿಮ್ಮ ಬಜೆಟ್ ಮತ್ತ ಏನ ಬ್ಯಾಡ ಅನ್ನೂದಷ್ಟ ಹೇಳಿ ಬಿಡ್ರಿ, ನಿಮಗ ಹೊಂದೋದು ಸಿಕ್ಕ ದಿನ ಹೇಳದ ಕೇಳದ ಕಳಸಿಬಿಡ್ತೇವಿ. ಎರಡ ತಿಂಗಳ ಏನೂ ಬರದೆ ಇರಬಹುದು, ಒಂದ ವಾರದಾಗ ಎರಡ ಬರಬಹುದು, ತಾರೀಖು ಮಾತ್ರ ಕೇಳಬಾರದು.

ಸದ್ಯಕ್ಕ ತಯಾರ್ ಇರೋದು ಹಿತ್ತಾಳಿ ಬುಗರಿ ಸ್ವಲ್ಪ, ಖಣದ ಲ್ಯಾಂಪ್‌ಶೇಡ್, ಅಬ್ರಿ ಹಾಳಿ. ಚಪ್ಪಲಿ ಅಳತಿ ಈಗ ಕಳಿಸಿದವ್ರಿಗೆ ದೀಪಾವಳಿ ಒಳಗ ಮುಟ್ಟಸ್ತೇವಿ. ನೀರ ಕುಡಿಯೋ ಹಕ್ಕಿ ಮಳಿ ನಿಂತಮ್ಯಾಗ. ಅಂಗಡಿ ಬೆಳಿಗ್ಗೆ ಹನ್ನೊಂದಕ್ಕ ತಗೀತೈತಿ, ಊಟದ ಹೊತ್ತು ಬಂದ್, ಐತವಾರ ರಜಾ, ಪಂಚಮಿಗೆ ಮೂರ ದಿನ ನಾವೂ ಊರಿಗೆ ಹೋಗಿರ್ತೇವಿ, ಫೋನ್ ಎತ್ತಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ, ಮೆಸೇಜ್ ಹಾಕಿ ಬಿಡ್ರಿ.

ಇಂತಿ ನಿಮ್ಮ ಅಂಗಡಿ ಮಂದಿ
ಬೆಳಗಾವಿ