ಕಾಲೇಜು ಬೇಸ್‌ಬಾಲ್‌ಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಜೂನ್‌ನಲ್ಲಿ ಅಮೆರಿಕದ ಒಮಾಹಾ ನಗರದಲ್ಲಿ ನಡೆಯುವ ಕಾಲೇಜು ಬೇಸ್‌ಬಾಲ್ ವಿಶ್ವ ಸರಣಿಯ ಸುದ್ದಿ ನಮ್ಮ ಕ್ರೀಡಾಪುಟಗಳಲ್ಲಿ ಕಾಣಸಿಗುವುದು ಅಪರೂಪ. 2008ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸ್ಟೇಟ್ ತಂಡವು ಪ್ರಾದೇಶಿಕ ಸುತ್ತಿನ ನಾಲ್ಕು ತಂಡಗಳಲ್ಲಿ ಕೊನೆಯ ಶ್ರೇಯಾಂಕದೊಂದಿಗೆ ಕಣಕ್ಕಿಳಿದು, 31 ಪಂದ್ಯಗಳನ್ನು ಸೋತ ಋತುವಿನಲ್ಲೇ ಚಾಂಪಿಯನ್ ಆಯಿತು. ಜಾರ್ಜಿಯಾ ವಿಶ್ವವಿದ್ಯಾಲಯದ ವಿರುದ್ಧದ ಮೂರು ಪಂದ್ಯಗಳ ಫೈನಲ್‌ನಲ್ಲಿ ಮೊದಲ ಪಂದ್ಯವನ್ನು 6-7ರಿಂದ ಕಳೆದುಕೊಂಡರೂ ಎರಡನೆಯದನ್ನು 19-10ರಿಂದ ಗೆದ್ದ ಈ ತಂಡಕ್ಕೆ, ನಿರ್ಣಾಯಕ ಪಂದ್ಯದಲ್ಲಿ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿದ್ದ ಸ್ಟೀವ್ ಡೆಟ್‌ವೈಲರ್ ಎರಡು ಹೋಮ್ ರನ್ (ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟುವ ಹೊಡೆತ) ಸಿಡಿಸಿ ತಂಡದ ಆರೂ ರನ್‌ಗಳನ್ನು ತಂದುಕೊಟ್ಟರು. ಕೊನೆಯ ಕ್ಯಾಚ್ ಹಿಡಿದವರೂ ಅವರೇ. ನೋವಿನ ಕೈಯಲ್ಲಿ ಬ್ಯಾಟ್ ಬೀಸಿದ ಆ ವಿದ್ಯಾರ್ಥಿಯ ಸಾಹಸವನ್ನು ನಮ್ಮ ಕಾಲೇಜು ಹುಡುಗರು ಓದಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮುಂದಿನ ಜೂನ್‌ನಲ್ಲಿ ಈ ಟೂರ್ನಿಯ ವರದಿಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು