ಪುಟ್ಟಿಗೆ, ಅವಳ ದನಿಯ ವಿಷಯವಾಗಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ಮನೆಯ ಸುದ್ದಿಯನ್ನೆಲ್ಲ ನಿಮ್ಮಪ್ಪ ಹೇಳಿಯಾಗಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಮೈಕ್, ಇಂಟರ್‌ಫೇಸ್, ಸಾಫ್ಟ್‌ವೇರ್ ಅಂತ ಪುಟಗಟ್ಟಲೆ ಬರೆದು ಕೊನೆಯಲ್ಲಿ ಒಂದು ಸಾಲು ತುರುಕಿದ್ದೀಯಲ್ಲ, "ರೆಕಾರ್ಡಿಂಗಿನಲ್ಲಿ ನನ್ನ ದನಿ ಕೇಳಿದರೆ ನನಗೇ ಅಸಹ್ಯ ಆಗುತ್ತೆ ಅತ್ತೆ, ಹಾಡನ್ನು ಬೇರೆ ಯಾರ ಕೈಲಾದರೂ ಹಾಡಿಸಿಬಿಡಲಾ" ಅಂತ. ಅದನ್ನು ಓದಿದ ಮೇಲೆ ಪತ್ರದಲ್ಲಿ ಬೇರೇನಿತ್ತು ಅನ್ನುವುದೇ ಮರೆತುಹೋಯಿತು. ಉತ್ತರ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡ.

ಅಸಹ್ಯ ಅನ್ನುವ ಪದ ಯಾಕೆ ಬಳಸಿದೆ ಮಗೂ? ಹಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಕೇಳುತ್ತದೆ. ಒಂದು ಗಾಳಿಯಲ್ಲಿ ಬಂದು ಕಿವಿಗೆ ಬೀಳುವುದು, ಇನ್ನೊಂದು ತಲೆಬುರುಡೆಯ ಮೂಳೆಯ ಮೂಲಕ ನೇರ ಒಳಕಿವಿಗೆ ಹೋಗುವುದು. ಆ ಮೂಳೆಯ ದಾರಿ ಮಂದ್ರದ ಅಂಶವನ್ನು ಹೆಚ್ಚು ಹೊತ್ತು ತರುತ್ತದೆ, ಅದಕ್ಕೇ ನಮಗೆ ನಮ್ಮ ದನಿ ತುಂಬಿಕೊಂಡಂತೆ ಕೇಳುವುದು. ಮೈಕಿಗೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಹಾಗಾಗಿ ರೆಕಾರ್ಡಿಂಗಿನಲ್ಲಿ ಎಲ್ಲರಿಗೂ ತಮ್ಮ ದನಿ ತೆಳ್ಳಗೆ, ಪರರದ್ದು ಅನ್ನಿಸುತ್ತದೆ. ನೀನು ಮಾತು ಕಲಿತಾಗಿನಿಂದ ನಾನು ಕೇಳುತ್ತಾ ಬಂದಿರುವುದು ಆ ರೆಕಾರ್ಡಿಂಗಿನಲ್ಲಿರುವ ದನಿಯನ್ನೇ. ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಅದರ ಗುರುತು ಸಿಗದಿರುವುದು ನಿನಗೊಬ್ಬಳಿಗೇ.

ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್‌ಗೂ ತನ್ನ ದನಿ ಹಿಡಿಸುತ್ತಿರಲಿಲ್ಲ, ಅದಕ್ಕೆ ಏನಾದರೂ ಮಾಡಿ ಅಂತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರನ್ನು ಕಾಡುತ್ತಿದ್ದರು. ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸಿದರೆ ದನಿ ದಪ್ಪವಾಗುತ್ತದೆ. ಆದರೆ ಹಾಗೆ ಎರಡೆರಡು ಸಲ ಹಾಡುವುದು ಆತನಿಗೆ ಬೇಸರದ ಕೆಲಸ. ಕೊನೆಗೆ 1966ರಲ್ಲಿ ಅವರು ಹಾಡುತ್ತಿದ್ದ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಟೇಪ್ ಯಂತ್ರವೇ ಎರಡನೇ ದನಿಯನ್ನು ಹುಟ್ಟಿಸಿಕೊಡುವ ಉಪಾಯ ಕಂಡುಹಿಡಿದರು. ನಿನ್ನ ಸಾಫ್ಟ್‌ವೇರಿನಲ್ಲಿ 'ಡಬ್ಲರ್' ಅಂತ ಇದ್ದರೆ, ಅದೂ ಈ ವಂಶದ್ದೇ. ಲೆನನ್ ಹಾಡುವುದನ್ನು ಬಿಡಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ನಾನು ಟ್ರ್ಯಾಕ್ ಹಾಡುತ್ತಿದ್ದ ಕಾಲದ ಕಥೆ ನಿನಗೆ ಬಾಯಿಪಾಠವಾಗಿದೆ. ಹೆಸರಾಂತ ಗಾಯಕಿ ಬರುವ ತನಕ ಜಾಗ ಹಿಡಿದಿರುವ ದನಿ ನನ್ನದು. ಅವರು ಬಂದು ಹಾಡಿದ ಮೇಲೆ ನನ್ನದರ ಕೆಲಸ ಮುಗಿಯಿತು. ಅದರ ಬಗ್ಗೆ ಬೇಸರವಿಲ್ಲ, ಅದು ಉದ್ಯೋಗ. ನಿನಗೆ ಹೇಳದೆ ಉಳಿದದ್ದು ಬೇರೆ. ಆ ದಿನಗಳಲ್ಲಿ ನಾನೂ ಒಂದು ಹಾಡು ಕಟ್ಟಿದ್ದೆ. ಸಾಹಿತ್ಯ ನನ್ನದು, ರಾಗ ನನ್ನದು. ಅದನ್ನು ಟ್ರ್ಯಾಕ್ ಹಾಡಿ ಇಟ್ಟೆವು. ಆಮೇಲೆ, ಬೇರೆ ಹಾಡುಗಳಿಗೆ ನಡೆದಂತೆಯೇ ಅದಕ್ಕೂ ನಡೆಯಿತು. ನನ್ನ ಗೆಳತಿಯೊಬ್ಬಳು ಬಂದು ಹಾಡಿದಳು. ನನಗಿಂತ ಚೆನ್ನಾಗಿಯೇ ಹಾಡಿದಳು ಕಣೇ, ಶ್ರುತಿ ಒಂದಿಷ್ಟೂ ಅಲುಗಲಿಲ್ಲ. ಆದರೆ ಎರಡನೇ ಚರಣದಲ್ಲಿ ನಾನು ಒಂದೇ ಉಸಿರಿಗೆ ಹಾಡುತ್ತಿದ್ದ ಸಾಲನ್ನು ಅವಳು ನಡುವೆ ಉಸಿರೆಳೆದು ಎರಡು ಮಾಡಿದಳು. ಉಳಿದವರ್‍ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಾನಂತೂ ಇವತ್ತಿಗೂ ಆ ಹಾಡನ್ನು ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ, ಮುಂದಕ್ಕೆ ಕೇಳಲು ಆಗುವುದಿಲ್ಲ. ನನ್ನ ದನಿ ಇದ್ದ ಜಾಗದ ಮೇಲೆಯೇ ಅವಳದ್ದನ್ನು ತೆಗೆದುಕೊಂಡಿದ್ದರು. ಟೇಪಿನಲ್ಲಿ ಅದೇ ಜಾಗಕ್ಕೆ ಹೊಸದು ಬಂದರೆ ಹಳೆಯದು ಹೋಯಿತು, ಮತ್ತೆ ಸಿಗುವುದಿಲ್ಲ.

ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಬೇರೆಯವರ ಕೈಲಿ ಹಾಡಿಸುವುದು ತಪ್ಪಲ್ಲ, ಎಷ್ಟೋ ಒಳ್ಳೆಯ ಹಾಡುಗಳು ಹಾಗೆಯೇ ಬಂದಿವೆ. ಈ ಹಾಡಿಗೆ ಇಂಥ ದನಿ ಬೇಕು ಅಂತ ನಿನಗೆ ಅನ್ನಿಸಿ ಕರೆದರೆ ಅದೊಂದು ಮಾತು. ನಿನ್ನ ದನಿಯಿಂದ ತಪ್ಪಿಸಿಕೊಳ್ಳಲು ಕರೆಯುತ್ತಿದ್ದೀಯ ಅಂತಲೇ ನನಗೆ ಸಂಕಟ.

ನೀನು ಕಳಿಸಿದ ತುಣುಕನ್ನು ಮತ್ತೆ ಮತ್ತೆ ಕೇಳಿದೆ. ಹೇಳಿದರೆ ಕೋಪ ಮಾಡಿಕೊಳ್ಳಬೇಡ, ಅದರಲ್ಲಿ ನೀನು ಎಲ್ಲೆಲ್ಲೂ ಅಡಗಿ ಕೂತಿದ್ದೀಯ. ಮೊದಲನೆಯದಾಗಿ ರಿವರ್ಬ್, ದನಿಗೆ ದೊಡ್ಡ ಹಾಲಿನಲ್ಲಿ ಹಾಡಿದಂಥ ಗುಂಗು ಕೊಡುವುದು. ಎಷ್ಟು ಸುರಿದಿದ್ದೀಯ ಅಂದರೆ ಸಾಹಿತ್ಯವೇ ತಿಳಿಯುವುದಿಲ್ಲ. ರಿವರ್ಬ್ ಬೇಡ ಅನ್ನುವುದಿಲ್ಲ. ಪ್ರೀ-ಡಿಲೇ ಅಂತ ಒಂದು ಗುಂಡಿ ಇರುತ್ತದೆ, ಅದನ್ನು 20ರಿಂದ 40 ಮಿಲಿಸೆಕೆಂಡ್‌ಗೆ ಇಟ್ಟು ನೋಡು. ಅಕ್ಷರ ಮೊದಲು ಬಂದು, ಅದರ ಗುಂಗು ಆಮೇಲೆ ಬರುತ್ತದೆ. ರಿವರ್ಬಿಗೆ ಹೋಗುವ ದನಿಯಲ್ಲಿ ಮಂದ್ರವನ್ನಷ್ಟು ಕತ್ತರಿಸಿದರೆ ಗೊಜಗೊಜ ಕಡಿಮೆಯಾಗುತ್ತದೆ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರಬಹುದು.

ಎರಡನೆಯದು, ದೂರ. ಮೈಕಿನಿಂದ ಎರಡು ಮೊಳ ಆಚೆ ನಿಂತವಳ ಹಾಗೆ ಕೇಳುತ್ತೀಯ. ನಿನ್ನದು ಕಾರ್ಡಿಯಾಯ್ಡ್, ಅಂದರೆ ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವ ಮೈಕ್ ತಾನೇ? ಅಂಥ ಮೈಕಿಗೆ ಹತ್ತಿರವಾದಷ್ಟೂ ಮಂದ್ರ ಹೆಚ್ಚುತ್ತದೆ, ದೂರವಾದಷ್ಟೂ ದನಿ ಸೊರಗಿ ಕೋಣೆಯ ಗೋಡೆಗಳು ಮಾತಾಡಲು ಶುರುಮಾಡುತ್ತವೆ. ತೆಳ್ಳಗಿದೆ ಅಂತ ನೀನು ಅಳುತ್ತಿರುವುದರಲ್ಲಿ ಒಂದು ಪಾಲು ಇದೇ ಇರಬೇಕು. ಒಂದು ಗೇಣು ದೂರದಲ್ಲಿ ನಿಲ್ಲು. ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆ ಮಾಡು, ಪ, ಬ, ಭ ಬಂದಾಗ ಗಾಳಿ ಅದಕ್ಕೆ ನೇರ ಬಡಿಯುವುದಿಲ್ಲ. ಗೋಡೆಯ ಸದ್ದು ತಗ್ಗಿಸಲು ಕಂಬಳಿ ಕಟ್ಟುವುದಿದ್ದರೆ ನಿನ್ನ ಬೆನ್ನ ಹಿಂದೆ ಕಟ್ಟು. ಮೈಕ್ ನೋಡುತ್ತಿರುವುದು ಆ ಕಡೆಗೆ. ಎಲ್ಲರೂ ಮೈಕಿನ ಹಿಂದಕ್ಕೆ ಮಾತ್ರ ಕಟ್ಟುತ್ತಾರೆ, ಯಾಕೋ.

ಇನ್ನೊಂದು. ನಾಚಿಕೆಯಿಂದ ಮೆಲ್ಲಗೆ ಹಾಡಿದ್ದೀಯ, ಆಮೇಲೆ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಗುಂಡಿ, ಏರಿಸಿದ್ದೀಯ. ಗೇನ್ ಏರಿಸಿದರೆ ದನಿಯ ಜೊತೆಗೆ ಫ್ಯಾನು, ಕಂಪ್ಯೂಟರಿನ ಗುಂಯ್, ಬೀದಿಯ ಸದ್ದು ಎಲ್ಲ ಏರುತ್ತದೆ. ನಮ್ಮ ಟೇಪಿನ ಕಾಲದಲ್ಲಿ ಸುಯ್ ಅನ್ನುವ ಸದ್ದನ್ನು ಮುಳುಗಿಸಲು ಮಟ್ಟವನ್ನು ಎತ್ತರಕ್ಕೆ ಒತ್ತಿ ತೆಗೆಯುತ್ತಿದ್ದರು, ಸ್ವಲ್ಪ ಮೀರಿದರೂ ಟೇಪ್ ಮೆತ್ತಗೆ ತಡೆದುಕೊಳ್ಳುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ, ಮೀಟರು ಸೊನ್ನೆ ದಾಟಿದ ಕೂಡಲೇ ಕತ್ತರಿಸಿಬಿಡುತ್ತದೆ. 24 ಬಿಟ್‌ನಲ್ಲಿ ತೆಗೆ. ಜೋರಾಗಿ ಹಾಡುವ ಜಾಗದಲ್ಲಿ ಮೀಟರು ಮೈನಸ್ 12 ಡೆಸಿಬಲ್ ಆಸುಪಾಸು ಮುಟ್ಟಿದರೆ ಸಾಕು, ಮೇಲಕ್ಕೆ ಒತ್ತುವ ಹಂಗಿಲ್ಲ. ನೀನು ಬಾಯಿಬಿಟ್ಟು ಹಾಡು, ಅಷ್ಟೇ.

ಜಾರಿದ ಸ್ವರವನ್ನು ತಾನೇ ಸರಿಮಾಡುವ ಆಟೋ-ಟ್ಯೂನ್ ಹಾಕಲಾ ಅಂತಲೂ ಕೇಳಿದ್ದೀಯ. 1997ರಲ್ಲಿ ಬಂದದ್ದು ಅದು. ಕಟ್ಟಿದವರು ಆಂಡಿ ಹಿಲ್ಡೆಬ್ರಾಂಡ್, ಅದಕ್ಕೂ ಮೊದಲು ತೈಲ ಹುಡುಕಲು ನೆಲದೊಳಕ್ಕೆ ಕಂಪನ ಕಳಿಸಿ ಅದರ ಪ್ರತಿಧ್ವನಿಯನ್ನು ಲೆಕ್ಕ ಹಾಕುತ್ತಿದ್ದ ಮನುಷ್ಯ. ಎಲ್ಲೋ ಒಂದೆರಡು ಸ್ವರ ಜಾರಿದ್ದರೆ ಅಲ್ಲಲ್ಲಿ ಕೈಯಿಂದ ಸರಿಮಾಡು, ನನ್ನ ಆಕ್ಷೇಪವಿಲ್ಲ. ಇಡೀ ಹಾಡಿಗೆ ಬಿಗಿಯಾಗಿ ಹಾಕಿದರೆ ನೀನು ಕಷ್ಟಪಟ್ಟು ಕಲಿತ ಗಮಕ, ಜಾರು ಎಲ್ಲ ಸವೆದು, ಸ್ವರದಿಂದ ಸ್ವರಕ್ಕೆ ಕುಪ್ಪಳಿಸಿದ ಹಾಗೆ ಕೇಳುತ್ತದೆ. ಆಗ ಆ ದನಿ ನಿನಗೆ ಇನ್ನೂ ಅಪರಿಚಿತವಾಗುತ್ತದೆ. ನಿನ್ನ ಹೆದರಿಕೆಗೆ ಅದು ಮದ್ದಲ್ಲ.

ನನ್ನ ಅನುಮಾನ ನಿಜವಾಗಿ ಶ್ರುತಿಯ ಮೇಲೆ. ಹಾಡನ್ನು ಕೀಬೋರ್ಡಿನಲ್ಲಿ ಕಟ್ಟಿದ್ದೀಯ, ಬೆರಳಿಗೆ ಸುಲಭವಾದ ಮನೆಯಲ್ಲಿ, ಅಂದರೆ ಶ್ರುತಿಯಲ್ಲಿ. ಗಂಟಲನ್ನು ಕೇಳಿಲ್ಲ. ಚರಣದಲ್ಲಿ ತಾರಸ್ಥಾಯಿಗೆ ಹೋದಾಗ ದನಿ ಹಿಂಡಿಕೊಂಡಿದೆ, ಅದನ್ನೇ ನೀನು ಅಸಹ್ಯ ಅನ್ನುತ್ತಿರುವುದು. ಅರ್ಧ ಮನೆಯೋ ಒಂದು ಮನೆಯೋ ಇಳಿಸಿ ಹಾಡಿ ನೋಡು. ಮಿಡಿಯಲ್ಲಿ, ಅಂದರೆ ಸದ್ದಿನ ಬದಲು ಸ್ವರಗಳ ಸೂಚನೆಯನ್ನಷ್ಟೇ ಬರೆದಿಡುವ ರೀತಿಯಲ್ಲಿ, ನುಡಿಸಿದ ವಾದ್ಯಗಳು ಒಂದೇ ಒತ್ತಿಗೆ ಇಳಿಯುತ್ತವೆ. ನಿಜವಾದ ಗಿಟಾರ್, ವೀಣೆ ಏನಾದರೂ ತೆಗೆದಿದ್ದರೆ ಅದನ್ನು ಸಾಫ್ಟ್‌ವೇರಿನಲ್ಲಿ ಎಳೆಯಬೇಡ, ಮತ್ತೆ ನುಡಿಸು, ತೊಂದರೆಯಾದರೂ ಸರಿ. ನನ್ನ ಗೆಳತಿ ಆ ಸಾಲಿನಲ್ಲಿ ಉಸಿರೆಳೆದದ್ದೂ ಇದೇ ಕಾರಣಕ್ಕೆ ಇದ್ದೀತು ಅಂತ ಈಗ ಬರೆಯುವಾಗ ಹೊಳೆಯುತ್ತಿದೆ. ನನ್ನ ಗಂಟಲಿಗೆ ಹೊಂದುವ ಮನೆಯಲ್ಲಿ ಕಟ್ಟಿದ ಹಾಡು ಅದು, ಅವಳದ್ದು ಬೇರೆಯೇ ಮನೆ. ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ಈಗಿಲ್ಲ.

ಹೆಡ್‌ಫೋನಿನಲ್ಲಿ ದನಿ ತಡವಾಗಿ ಬಂದು ತಾಳ ತಪ್ಪುತ್ತದೆ ಅಂದಿದ್ದೀಯ. ಅದು ಬಫರಿನ ಆಟ, ಕಂಪ್ಯೂಟರು ದನಿಯನ್ನು ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ಮುಂದಕ್ಕೆ ಕಳಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಇಟ್ಟರೆ ಅದೊಂದೇ ಸುಮಾರು 21 ಮಿಲಿಸೆಕೆಂಡ್ ತಿನ್ನುತ್ತದೆ, 128ಕ್ಕೆ ಇಳಿಸಿದರೆ ಮೂರಕ್ಕೂ ಕಡಿಮೆ. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಆ ಇಂಟರ್‌ಫೇಸಿನಲ್ಲಿ, ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕಿವಿಗೆ ಕೊಡುವ ಡೈರೆಕ್ಟ್ ಮಾನಿಟರ್ ಇದ್ದರೆ ಇನ್ನೂ ಒಳ್ಳೆಯದು. ನಾವಂತೂ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿಕೊಂಡೇ ಹಾಡುತ್ತಿದ್ದೆವು. ಆಗ ನಿನ್ನ ಪರಿಚಯದ ದನಿಯೂ ಅರ್ಧ ಕೇಳುತ್ತಿರುತ್ತದೆ, ಧೈರ್ಯ ಬರುತ್ತದೆ. ಸರಿಸಿದ ಕಡೆಯನ್ನು ಮಾತ್ರ ಕೆನ್ನೆಗೆ ಒತ್ತಿಟ್ಟುಕೋ, ಇಲ್ಲದಿದ್ದರೆ ತಾಳದ ಕ್ಲಿಕ್ ಸದ್ದು ಮೈಕಿಗೆ ಬೀಳುತ್ತದೆ.

ಮಿಕ್ಸ್ ಮಾಡುವಾಗ ನಿನ್ನ ದನಿಯೊಂದನ್ನೇ ಸೋಲೋ ಮಾಡಿಕೊಂಡು ಕೂರಬೇಡ. ಹಾಗೆ ಕೇಳಿದರೆ ಎಂಥ ಮಹಾ ಗಾಯಕರ ದನಿಯಲ್ಲೂ ಎಂಜಲಿನ ಸದ್ದು, ಉಸಿರು, ಸ-ಶಗಳ ಚುರುಕು ಎಲ್ಲ ಎದ್ದು ಕಾಣುತ್ತದೆ. ಎಲ್ಲ ವಾದ್ಯಗಳ ನಡುವೆ, ಸಣ್ಣ ವಾಲ್ಯೂಮಿನಲ್ಲಿ ಕೇಳು. ಮಾತು ತಿಳಿಯಿತೇ? ತಿಳಿಯಿತು ಅಂದರೆ ದನಿ ತನ್ನ ಜಾಗದಲ್ಲಿದೆ ಅಂತ. ಕತ್ತರಿಸುವುದು, ಕಂಪ್ರೆಸ್ ಮಾಡಿ ಜೋರು-ಮೆಲ್ಲಗಿನ ಅಂತರ ತಗ್ಗಿಸುವುದು ಎಲ್ಲ ಅದಾದ ಮೇಲೆ. ಉಸಿರುಗಳನ್ನು ಒಂದೂ ಬಿಡದೆ ಕತ್ತರಿಸಿ ಹಾಕಿದ್ದೀಯಲ್ಲ, ದಯವಿಟ್ಟು ಅವನ್ನು ವಾಪಸ್ ಇಡು. ತಗ್ಗಿಸು ಬೇಕಾದರೆ.

ಇಷ್ಟೆಲ್ಲ ಬರೆದರೂ ನಿನ್ನ ಆ ಒಂದು ಸಾಲಿಗೆ ಸರಿಯಾದ ಉತ್ತರ ಕೊಟ್ಟೆನೋ ಇಲ್ಲವೋ ತಿಳಿಯದು. ಶ್ರುತಿ ಇಳಿಸಿ, ಮೈಕಿನ ಹತ್ತಿರ ನಿಂತು, ರಿವರ್ಬ್ ಇಲ್ಲದೆ ಒಂದು ಸಲ ಪೂರ್ತಿ ಹಾಡು. ಕೂಡಲೇ ಕೇಳಬೇಡ, ಕೆಲವು ದಿನ ಬಿಟ್ಟು ಕೇಳು. ಆಮೇಲೂ ಬೇರೆಯವರೇ ಹಾಡಲಿ ಅನ್ನಿಸಿದರೆ ಹಾಡಿಸು, ನಾನು ಅಡ್ಡ ಬರುವುದಿಲ್ಲ. ನಿನ್ನ ಟೇಕ್ ಮಾತ್ರ ಅಳಿಸಬೇಡ. ಮ್ಯೂಟ್ ಮಾಡಿಡು. ಅಳಿಸದೇ ಇಡುವ ಅನುಕೂಲ ನಿನಗಿದೆ.

ಇತಿ,
ನಿನ್ನ ಅತ್ತೆ

ತಾ.ಕ.: ನಕಲು ಮಾಡಿ ಇಡುವಾಗ ಪ್ರಾಜೆಕ್ಟ್ ಫೈಲ್ ಒಂದನ್ನೇ ನಕಲು ಮಾಡಬೇಡ. ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಅದರೊಳಗೆ ದನಿ ಇರುವುದಿಲ್ಲ, ದನಿ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಆಡಿಯೋ ಫೈಲುಗಳ ಸಮೇತ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಹಾಕು. ನನಗೂ ಒಂದು ಪ್ರತಿ ಕಳಿಸು, ಮಿಕ್ಸ್ ಮಾಡಿದ್ದಲ್ಲ, ಹಸಿ ದನಿಯದ್ದು.